ಆಲಿಕಲ್ಲು ಗುಡಿಸಿದ ದಾರಿ

ಫ್ರೀಜರಿನ ಮಂಜುಗಡ್ಡೆ ಕೆರೆಯುವಾಗಲೆಲ್ಲ ಸೌದಿಯ ಖಮೀಸ್ ಮುಶೈತಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅವತ್ತು ನಾನು ಮಾಡಿದ್ದನ್ನು ಉಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಆಲಿಕಲ್ಲು ಬಿದ್ದು ಅಂಗಳವೆಲ್ಲ ಬೆಳ್ಳಗಾಗಿತ್ತು. ನನ್ನ ಅಬ್ಬನಿಗೆ ಬೆಳಗಿನಿಂದ ಎದೆನೋವು. ನಮ್ಮ ಕಾರು ಗೇಟಿನ ಇಳಿಜಾರಿನಲ್ಲಿ ಹೂತುಹೋಗಿತ್ತು. ಪಕ್ಕದ ಮನೆಯ ಪಠಾಣ್ ಚಾಚಾ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತ, ಆಸ್ಪತ್ರೆಗೆ ಕರೆದೊಯ್ಯಲು ಅಬ್ಬನ ತೋಳು ಹಿಡಿದು ರಸ್ತೆಯಲ್ಲಿದ್ದ ತಮ್ಮ ಜೀಪಿಗೆ ನಡೆಸಿದರು. ಗೇಟು ಮುಟ್ಟುವುದರೊಳಗೆ ಅಬ್ಬ ಎರಡು ಸಲ ಜಾರಿದರು.

"ಎಂತ ಮಾರಾಯ್ತಿ ಅಳುವುದು? ಸಂಜೆಗೆ ಬರ್ತೇನೆ" ಎಂದರು ನನಗೆ.

ಬರುವಾಗ ಮತ್ತೆ ಜಾರಬಾರದಲ್ಲ. ಊರಿನಿಂದ ತಂದಿದ್ದ ತೆಂಗಿನಕಡ್ಡಿಯ ಹಿಡಿಸೂಡಿ ಹಿಡಿದು ಗುಡಿಸತೊಡಗಿದೆ. ಕಡ್ಡಿಗಳು ಬಾಗಿದವು, ಬೆರಳು ಮರಗಟ್ಟಿದವು. ಅಂತೂ ಮೆಟ್ಟಿಲಿನಿಂದ ಗೇಟಿನವರೆಗೆ ಒಂದು ಸಪೂರ ದಾರಿಯಾಯಿತು.

ಒಳಗೆ ತಮ್ಮನನ್ನು ಮಲಗಿಸುತ್ತಿದ್ದ ಉಮ್ಮ ಆಗ ಕೂಗಿ ಹೇಳಿದರು: "ಹಿಡಿಸೂಡಿ ಮುಟ್ಟಬೇಡ ಮಗಳೇ. ಹೊರಟವರ ಬೆನ್ನಿಗೇ ಗುಡಿಸಿದರೆ ಅವರು ವಾಪಸು ಬರುವುದಿಲ್ಲ."

ಬದಿಗೆ ತಳ್ಳಿದ್ದ ಆಲಿಕಲ್ಲನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಚಿ ಮತ್ತೆ ದಾರಿಯ ಮೇಲೆ ಹರಡಿದೆ. ಅಷ್ಟರಲ್ಲಿ ಬಿಸಿಲು ಬಂದಿತ್ತು. ನಾನು ಹರಡಿದ ಹಾಗೆಯೇ ಅವು ಕರಗಿ ನೀರಾಗುತ್ತಿದ್ದವು.