ತೊಳೆಯಬಾರದ ದೊಣ್ಣೆಮೆಣಸು

“ನೀರಿಗೆ ಹಿಡೀಬೇಡ!”

ಬೇಲಿಯಾಚೆಯಿಂದ ಬಂದ ಕೂಗಿಗೆ, ಸುಟ್ಟ ದೊಣ್ಣೆಮೆಣಸು ಹಿಡಿದಿದ್ದ ಡುಲ್ಸಿನ್‌ಳ ಕೈ ಹಿತ್ತಲ ನಲ್ಲಿಯ ಕೆಳಗೇ ನಿಂತಿತು. ಕೂಗಿದವಳು ಪಕ್ಕದ ಮನೆಯ ಸರ್ಬಿಯಾದ ಮುದುಕಿ ಮಿಲೆವಾ. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಐದು ವಾರ ಅವಳು ಹೊರಗೆ ಕಾಲಿಟ್ಟಿರಲಿಲ್ಲ. ಡುಲ್ಸಿನ್ ಕೊಟ್ಟ ಗಂಜಿಯೂ ಮುಟ್ಟದೆ ವಾಪಸಾಗಿತ್ತು. ಹೀಗೇ ಉಣ್ಣದೆ ಕೂತರೆ ಪರ್ತ್‌ನ ಈ ಮನೆ ಮಾರಿ ವೃದ್ಧಾಶ್ರಮಕ್ಕೆ ಸೇರಿಸುತ್ತೇನೆಂದು ಅಡಿಲೇಡಿನ ಮಗಳು ಹೇಳಿಬಿಟ್ಟಿದ್ದಳು.

“ಹೊಗೆ ಎಲ್ಲ ಅವರ ಮನೆಗೇ ಹೋಯ್ತು. ಬೈಸ್ಕೋ ಈಗ ಮಾರಾಯ್ತಿ,” ಎಂದ ಬಾರ್ಬೆಕ್ಯೂ ಒಲೆಯ ಬಳಿ ನಿಂತಿದ್ದ ಡುಲ್ಸಿನ್‌ಳ ಗಂಡ ಓಸ್ವಾಲ್ಡ್.

ಮಿಲೆವಾ ಬರಿಗಾಲಲ್ಲೇ ಒಳಗೆ ಬಂದಳು. ಸುಟ್ಟ ಕೆಂಪು ದೊಣ್ಣೆಮೆಣಸನ್ನೆಲ್ಲ ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿ, ಅದರ ಮೇಲೆ ಅಂಗೈ ಊರಿ ಕೂತಳು.

“ತನ್ನ ಬೆವರಲ್ಲೇ ಸಿಪ್ಪೆ ಬಿಡಬೇಕು. ತೊಳೆದ್ರೆ ರುಚಿ ಹೋಯ್ತು. ನಮ್ಮ ಲೆಸ್ಕೋವಾಟ್ಸ್ ಊರಲ್ಲಿ ಸುತ್ತ ಬೆಟ್ಟ, ನಡುವೆ ಹೊಲ. ಸೆಪ್ಟೆಂಬರ್ ಬಂತು ಅಂದ್ರೆ ಅಂಗಳಕ್ಕೊಂದು ಒಲೆ, ಊರೆಲ್ಲ ಇದೇ ವಾಸನೆ. ನನ್ನವನು ಪಿರೋಟ್ ಊರಿನವನು. ಅಲ್ಲಿಯವರು ಬಲು ಜಿಪುಣರು ಅಂತ ನಾವು ಆಡ್ಕೋತಿದ್ವಿ. ಪಕ್ಕದ ಮನೆ ಒಲೆ ಆರೋ ಮೊದಲು ನಮ್ಮದೂ ಸುಟ್ಕೊಂಡು ಬಾ ಅಂತ ನನ್ನ ಓಡಿಸ್ತಿದ್ದ!”

ಹೇಳಿ ನಕ್ಕುಬಿಟ್ಟಳು. ಗಂಡ ಹೋದ ಮೇಲೆ ಅವನ ಮಾತೆತ್ತಿದ್ದೇ ಇದು ಮೊದಲು. ಮುಚ್ಚಳ ತೆಗೆದು ಒಂದರ ಸಿಪ್ಪೆಯನ್ನು ಬೆರಳಲ್ಲೇ ಎಳೆದಳು. ತನಗೆ ಕೊಡುತ್ತಾಳೇನೋ ಎಂದು ಡುಲ್ಸಿನ್ ಕೈ ಚಾಚಿದರೆ, ಮಿಲೆವಾ ಅದನ್ನು ತನ್ನ ಬಾಯಿಗೇ ಇಟ್ಟುಕೊಂಡಳು.

“ಇಷ್ಟು ಯಾವ ಮೂಲೆಗೆ?” ಎಂದಳು, ಅಗಿಯುತ್ತಲೇ. “ನಾಳೆ ಸ್ವಾನ್ ವ್ಯಾಲಿ ತೋಟಗಳಿಗೆ ಕರ್ಕೊಂಡು ಹೋಗು, ಇಪ್ಪತ್ತು ಕಿಲೋ ತಂದು ಸುಟ್ಟು ಬಾಟಲಿಗೆ ತುಂಬಿಡೋಣ. ಚಳಿಗಾಲ ಪೂರ್ತಿ ಬರಬೇಕಲ್ಲ.”