ಕಾರಿನಲ್ಲಿ ಇದ್ದವನು ಒಬ್ಬನೇ

ಭಾವ ಮೊದಲು ಭಾಮೈದನ ಕಾಲರ್ ಹಿಡಿದು ಎಳೆದ. ಅದು ಹರಿದು ಕೈಗೆ ಬಂದಾಗ ಕೂದಲಿಗೆ ಕೈಹಾಕಿದ.

ನಜ್ಜುಗುಜ್ಜಾದ ಬಾಗಿಲಿಗೂ ಸೀಟಿಗೂ ನಡುವೆ ಅವನ ಕಾಲು ಸಿಕ್ಕಿಕೊಂಡಿತ್ತು. ಜಗ್ಗಿದ ರಭಸಕ್ಕೆ ಮೊಣಕಾಲಿನ ಕೆಳಗೆ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಕಿರುಚಿದ. ಮಾತು ಹೊರಡಲಿಲ್ಲ, ಕೆಳದವಡೆ ಆಗಲೇ ಜೋತುಬಿದ್ದಿತ್ತು.

ಇಬ್ಬರೂ ಗಡಿಯತ್ತ ಹೊರಟಿದ್ದು ಅವತ್ತು ಬೆಳಿಗ್ಗೆ. ಭಾವನ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ಕೆಟ್ಟು ಕೂತಿತ್ತು. ಅದರ ಬಿಡಿಭಾಗ ಪಕ್ಕದ ದೇಶದಲ್ಲಿ ಮಾತ್ರ ಸಿಗುತ್ತಿತ್ತು. ಜೊತೆಗೆ ಬರುತ್ತೇನೆಂದು ಹಟ ಹಿಡಿದವನು ಭಾಮೈದನೇ. ಅಕ್ಕನ ಕಿವಿಗೆ ಬೀಳದ ಜಾಗದಲ್ಲಿ ಒಂದು ಮಾತು ಕೇಳುವುದಿತ್ತು.

ಗಡಿಯ ಗೇಟಿನಲ್ಲಿ ಭಾವ ಕಾರಿಗೆ ವಿಮೆ ಮಾಡಿಸಿ ಬಂದ. "ನಮ್ಮ ಕಡೆ ಇನ್ಶೂರೆನ್ಸ್ ಇಲ್ಲಿ ನಡೆಯಲ್ವಂತೆ. ಇರೋದ್ರಲ್ಲಿ ಅಗ್ಗದ್ದು ಹಿಡ್ಕೊಂಡು ಬಂದೆ. ಒಂದು ದಿನದ ನೆಂಟನಿಗೆ ಯಾರಾದ್ರೂ ಹೊಸ ಮಂಚ ಮಾಡಿಸ್ತಾರಾ?"

ಭಾಮೈದ ನಗಲಿಲ್ಲ. ಬೆಟ್ಟದ ತಿರುವು ಶುರುವಾದಾಗ ಕೇಳಿದ.

"ಅಕ್ಕನ ತೋಳ ಮೇಲೆ ನೀಲಿ ಗುರುತು ಹೇಗೆ ಬಂತು ಭಾವ?"

"ನಿಮ್ಮಕ್ಕನ್ನೇ ಕೇಳು."

"ಕೇಳ್ದೆ. ಬಾಗಿಲು ತಗಲ್ತು ಅಂದ್ಲು. ನಿಮ್ಮನೆ ಬಾಗಿಲಿಗೆ ಐದು ಬೆರಳಿದೆಯಾ?"

ಭಾವ ಗೇರು ಬದಲಿಸಿದ. "ಹೊಡೆದೆ. ಆವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ಸಾಕಾ?"

"ಸಾಲದು. ಊರು ಮುಟ್ಟಿದ ಕೂಡ್ಲೇ ಪೊಲೀಸ್ ಸ್ಟೇಷನ್. ಆಮೇಲೆ ಅಕ್ಕ ನಮ್ಮನೇಲಿರ್ತಾಳೆ."

"ಲೋ, ನನ್ನ ಸಂಸಾರದ ಮಧ್ಯೆ ಬಂದ್ರೆ ಹೂತುಹಾಕ್ತೀನಿ ನೋಡು."

ಭಾಮೈದ ಅವನ ಮೂತಿಗೆ ಗುದ್ದಿದ. ಸ್ಟೀರಿಂಗ್ ಕೈತಪ್ಪಿತು. ರಸ್ತೆಬದಿಯ ಕಲ್ಲುಗೋಡೆ ಭಾಮೈದನ ಬಾಗಿಲನ್ನು ಒಳಕ್ಕೆ ತಳ್ಳಿತು.

ಭಾಮೈದನಿಗೆ ಎಚ್ಚರವಾದಾಗ ಭಾವ ವಿಮೆಯ ಕಾಗದ ಬಿಡಿಸಿ, ಸಾಲುಸಾಲಿಗೂ ಬೆರಳಿಟ್ಟು ಓದುತ್ತಿದ್ದ. ನಾನು ಸತ್ತರೆ ಎಷ್ಟು ಬರುತ್ತದೆಂದು ನೋಡುತ್ತಿದ್ದಾನೆ ಎಂದುಕೊಂಡ. ಓದಿ ಮುಗಿಸಿದ ಭಾವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಕಾಲರಿಗೆ ಕೈಹಾಕಿದ್ದು ಆಮೇಲೆಯೇ.

ಈಗ ಭಾಮೈದ ನಡುರಸ್ತೆಯಲ್ಲಿ ಮಲಗಿದ್ದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಒಂದು ನರಪಿಳ್ಳೆಯೂ ಇಲ್ಲ. ಮುರಿದ ಕಾಲಿನಿಂದ ರಕ್ತ ಇಳಿಜಾರು ಹುಡುಕಿಕೊಂಡು ಹೊರಟಿತ್ತು.

ಭಾವ ಅವನ ಬೆಲ್ಟ್ ಬಿಚ್ಚಿ ತೊಡೆಗೆ ಬಿಗಿದ. ನೋವಿಗೆ ಕಣ್ಣು ಕತ್ತಲಿಟ್ಟಿತು. ಓಡದ ಹಾಗೆ ಕಟ್ಟಿಹಾಕುತ್ತಿದ್ದಾನೆ. ಓಡುವುದಕ್ಕೆ ಕಾಲಾದರೂ ಎಲ್ಲಿದೆ?

ನಂತರ ಅವನ ಒಂದು ಶೂ ಕಿತ್ತು ದೂರಕ್ಕೆ ಎಸೆದ. ರಕ್ತ ಮೆತ್ತಿದ ಸೀಟಿನ ಕವರನ್ನು ಸುರುಳಿ ಸುತ್ತಿ ಕಣಿವೆಗೆ ತೂರಿದ. ಕಾರಿನ ಹಿಂದಿನ ಡಿಕ್ಕಿಯಿಂದ ಗಾಲಿ ಬಿಚ್ಚುವ ಕಬ್ಬಿಣದ ಪಾನ ತಂದು ಮುಂದಿನ ದೀಪಕ್ಕೆ ಬಾರಿಸಿದ, ಗಾಜಿಗೆ ಬಾರಿಸಿದ. ಪಾನವನ್ನು ಕೆಳಗಿಟ್ಟು, ಭಾಮೈದನ ಗಾಯಕ್ಕೆ ಅಂಗೈ ಒತ್ತಿ, ಆ ರಕ್ತವನ್ನು ಬಂಪರಿಗೆ ಸವರಿದ.

"ಕೇಳಿಸ್ಕೋ." ಮುಖದ ಹತ್ತಿರ ಬಾಗಿದ. "ನೀನು ಈ ಕಾರು ಹತ್ತಲೇ ಇಲ್ಲ. ಕಾರಲ್ಲಿ ಇದ್ದದ್ದು ನಾನೊಬ್ಬನೇ. ನೀನ್ಯಾರೋ ನಾನ್ಯಾರೋ. ನಿಮ್ಮಕ್ಕನ ಹೆಸರು ನಿನ್ನ ಬಾಯಲ್ಲಿ ಬರಕೂಡದು."

ಬರುವುದಾದರೂ ಹೇಗೆ? ಆ ಬಾಯಲ್ಲಿ ಹಲ್ಲೂ ನೆತ್ತರೂ ಬಿಟ್ಟರೆ ಬೇರೇನಿರಲಿಲ್ಲ.

ಭಾವ ಕಾರಿನ ಹಿಂದೆ ಹೋಗಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದ. ಬಂದು ಸ್ಟೀರಿಂಗ್ ಹಿಡಿದ.

ಕಾರು ಗೋಡೆಯನ್ನು ಕೆರೆಯುತ್ತ ಹಿಂದೆ ಸರಿಯಿತು. ಮೂತಿ ತಿರುಗಿಸಿತು. ಅವನತ್ತ ಬಂತು.

ಭಾಮೈದ ಮೊಣಕೈ ಊರಿ ತೆವಳಿದ. ಒಂದು ಗೇಣೂ ಸಾಗಲಿಲ್ಲ. ಗಾಲಿ ಅವನ ಕಾಲಿನ ಪಕ್ಕ ಬಂದು ನಿಂತಿತು. ಭಾವ ಇಳಿದ. ಗಾಲಿಗೂ ಕಾಲಿಗೂ ನಡುವಿನ ಜಾಗವನ್ನು ಬಗ್ಗಿ ನೋಡಿದ. ಅಳತೆ ತೆಗೆಯುತ್ತಿದ್ದಾನೆ. ಮುಂದಿನ ಸಲ ಎದೆಯ ಮೇಲೆ.

ಪಾನ ಕೈಗೆಟುಕುವಷ್ಟು ಹತ್ತಿರವಿತ್ತು. ಭಾಮೈದ ಇದ್ದಬದ್ದ ಉಸಿರನ್ನೆಲ್ಲ ತೋಳಿಗೆ ತಂದುಕೊಂಡು ಬೀಸಿದ. ಭಾವನ ಕಿವಿಯ ಮೇಲ್ಭಾಗಕ್ಕೆ. ಇನ್ನೊಮ್ಮೆ. ಭಾವ ಮಂಡಿಯೂರಿ ಕುಸಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಪಾನವನ್ನು ಭಾಮೈದನ ಕೈಯಿಂದ ಬಿಡಿಸಿ, ಹೇಗೋ ಎದ್ದು ಕಣಿವೆಗೆ ಎಸೆದು, ಕಾರಿಗೆ ಬೆನ್ನು ಕೊಟ್ಟು ಕೂತ.

ಭಾಮೈದ ಮತ್ತೆ ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ದವಡೆಗೆ ತಂತಿ ಬಿಗಿದಿದ್ದರು. ಕಾಲು ಇತ್ತು. ಬದುಕಿದ್ದ. ಮೊದಲ ಯೋಚನೆ ಅಕ್ಕನದು: ಇನ್ನು ಅವಳ ಮೈಮೇಲೆ ಯಾರೂ ಕೈಮಾಡಲಾರರು.

ಮಂಚದ ಪಕ್ಕ ವಿಮಾ ಕಂಪನಿಯ ಹೆಂಗಸು ಕೂತಿದ್ದಳು. ಅವನ ಭಾಷೆ ಬಲ್ಲವಳು.

"ಮಾತಾಡೋಕೆ ಹೋಗ್ಬೇಡಿ. ಕಾರಿನವರು ಆಂಬುಲೆನ್ಸಲ್ಲೇ ಪ್ರಾಣ ಬಿಟ್ರು. ಸ್ಟೀರಿಂಗಿಗೆ ತಲೆ ಬಡೀತು ಅಂದ್ರಂತೆ. ಅದೇ ಕೊನೇ ಮಾತು."

ಭಾಮೈದ ರೆಪ್ಪೆ ಮಿಟುಕಿಸಿದ. ಭಾವ ಆ ಸುಳ್ಳು ಯಾಕೆ ಹೇಳಿದ?

"ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ಅವರೇ. ರಸ್ತೇಲಿ ನಡ್ಕೊಂಡು ಹೋಗ್ತಿದ್ದವನಿಗೆ ಗುದ್ದಿಬಿಟ್ಟೆ, ತಪ್ಪೆಲ್ಲ ನಂದೇ, ಬೇಗ ಬನ್ನಿ ಅಂತ ಅಳ್ತಿದ್ರಂತೆ." ಅವಳು ಹೊದಿಕೆ ಸರಿಮಾಡಿದಳು. "ಹೊರದೇಶದವರ ಖರ್ಚಿಗೆ ಯಾರೂ ಹೊಣೆ ನಿಲ್ಲದೆ ಈ ಆಸ್ಪತ್ರೆಯವರು ಆಪರೇಷನ್ನಿಗೆ ಕತ್ತಿ ಮುಟ್ಟಲ್ಲ. ನಿಮ್ಮ ಪುಣ್ಯ ದೊಡ್ಡದು."

ಎದ್ದು ನಿಂತು ಅವಳೇ ಮುಂದುವರಿಸಿದಳು. "ಅವರು ಮಾಡಿಸಿದ್ದ ವಿಮೆ ಕಾರಿನ ಹೊರಗೆ ಗಾಲಿಗೆ ಸಿಕ್ಕವರಿಗೆ ಮಾತ್ರ, ಒಳಗೆ ಕೂತಿದ್ದವರಾಗಿದ್ರೆ ನಿಮಗೆ ಬಿಡಿಗಾಸೂ ಬರ್ತಿರಲಿಲ್ಲ."