ಹದಿನೇಳನೇ ಲೈನು

ಬೆಳಿಗ್ಗೆ ಹತ್ತೂವರೆಗೆ ಕಂಪನಿಯವರು ಹೇಳಿದ್ದನ್ನು ಮಾಡಿಯೇ ಬಿಟ್ಟರು. ವೈರಣ್ಣನ ಅಂಗಡಿಯ ಪರದೆಯ ಮೇಲೆ ನೆಟ್ಟಗೆ ಓಡುತ್ತಿದ್ದ ಹಸಿರು ಗೆರೆ ಧೊಪ್ಪನೆ ಕೆಳಗೆ ಬಿತ್ತು. ಇನ್ನೂರ ನಲವತ್ತು ಮನೆಗೆ ಹಂಚುವ ಇಂಟರ್‌ನೆಟ್ಟು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. ಆತ ದೊಡ್ಡ ಕಂಪನಿಯಿಂದ ಸಗಟಾಗಿ ಕೊಂಡು ಬಡಾವಣೆಗೆ ಚಿಲ್ಲರೆಯಾಗಿ ಮಾರುವವನು. ಕಂಬ ಹತ್ತಿ ಇಳಿಯುವುದನ್ನು ನೋಡಿ ಜನ ಇಟ್ಟ ಹೆಸರು ವೈರಣ್ಣ. ಹೆತ್ತವರು ಇಟ್ಟದ್ದು ಹೆಂಡತಿಗೂ ಮರೆತುಹೋಗಿತ್ತು.

"ಹೊಸ ರೇಟಿಗೆ ಸಹಿ ಹಾಕಿ, ಐದೇ ನಿಮಿಷದಲ್ಲಿ ಪೂರ್ತಿ ಬಿಡ್ತೀವಿ," ಎಂದ ಕಂಪನಿಯ ಮ್ಯಾನೇಜರ್ ಫೋನಿನಲ್ಲಿ.

"ಒಪ್ಪಂದ ಇನ್ನೂ ನಾಲ್ಕು ತಿಂಗಳಿದೆಯಲ್ಲ ಸಾರ್! ನಡುವೆ ಡಬಲ್ ರೇಟು ಅಂದ್ರೆ ಇದ್ಯಾವ ನ್ಯಾಯ?"

"ಎಷ್ಟು ದಿನ ತಡ್ಕೋತೀರೋ ನೋಡೋಣ."

"ನೋಡೇ ಬಿಡೋಣ," ಎಂದು ವೈರಣ್ಣ ಫೋನು ಕುಕ್ಕಿದ. ಹಟ ಸುಮ್ಮನೆ ಬಂದದ್ದಲ್ಲ ಪಾಪ. ಈಗ ಮಣಿದರೆ ಆರು ತಿಂಗಳಿಗೊಮ್ಮೆ ಮಣಿಸುತ್ತಾರೆ, ಆಮೇಲೆ ಅಂಗಡಿಗೆ ಬೀಗವೇ ಗತಿ.

ಉಳಿದದ್ದನ್ನು ಹಂಚಬೇಕಿತ್ತು. ಇಂಥ ಹೊತ್ತಿಗೆ ಅವನದೊಂದು ಪದ್ಧತಿ. ಹದಿನೈದು ದಿನದಲ್ಲಿ ಅತಿ ಹೆಚ್ಚು ಎಳೆದ ಮನೆಗಳನ್ನು ಪಟ್ಟಿಯ ಮೇಲಕ್ಕೆ ತಂದು, ಮೊದಲ ಮೂವತ್ತು ಮನೆಯ ವೇಗ ಬಿಗಿಯುವುದು. ಆಗ ಮಿಕ್ಕವರು ಹೇಗೋ ದಿನ ದೂಡುತ್ತಾರೆ. ನಂಬರ್ ಮಾತ್ರ ನೋಡುತ್ತಿದ್ದ. ಹೆಸರು ನೋಡಿದರೆ ದಾಕ್ಷಿಣ್ಯ ಬರುತ್ತದೆ, ಕೈ ಓಡುವುದಿಲ್ಲ. ಪಟ್ಟಿಯ ಎಲ್ಲಕ್ಕಿಂತ ಮೇಲೆ ಹದಿನೇಳನೇ ಲೈನು ಇತ್ತು. ಒಂಬತ್ತು ದಿನದಿಂದ ಒಂದೇ ಸಮ ಎಳೆಯುತ್ತಿದೆ. "ಅಬ್ಬಬ್ಬಾ, ಯಾರಪ್ಪಾ ಈ ಪುಣ್ಯಾತ್ಮರು, ಕಣ್ಣೇ ಮುಚ್ಚದೆ ಸಿನಿಮಾ ನೋಡೋರು!" ಎಂದು ನಕ್ಕು ಅದನ್ನೇ ಮೊದಲು ಬಿಗಿದ.

ಅಲ್ಲಿಂದ ಫೋನಿಗೆ ಬಿಡುವಿಲ್ಲ. ಎಲ್ಲರಿಗೂ ಒಂದೇ ಉತ್ತರ ಹೇಳಿ ಹೇಳಿ ನಾಲಿಗೆ ತಾನಾಗಿಯೇ ಆಡತೊಡಗಿತು.

"ಎಲ್ರಿಗೂ ನಿಧಾನನೇ, ಸಂಜೆವರೆಗೂ ಸುಧಾರಿಸ್ಕೊಳ್ಳಿ."

"ಸಂಜೆವರೆಗೂ ಅವಳು ಇರಲ್ಲವಂತೆ ಕಣಪ್ಪಾ," ಎಂದಿತು ಆ ಕಡೆಯ ದನಿ.

ಹಿಂದಿನ ಬೀದಿಯ ಟೈಲರಕ್ಕ. ಅವನ ಮಗಳ ಸ್ಕೂಲ್ ಬಟ್ಟೆ ಹೊಲಿಯುವವಳು, ಮಂಡಿ ನೋವಿಗೆ ಮೂರನೇ ಮಹಡಿಯಿಂದ ಇಳಿಯಲಾರದವಳು.

"ಯಾರಕ್ಕಾ? ಏನಾಯ್ತು?"

"ನನ್ನ ತಂಗಿ. ಆಸ್ಪತ್ರೇಲಿ ಒಳಗೆ ಯಾರನ್ನೂ ಬಿಡಲ್ಲ. ನರ್ಸಮ್ಮ ಅವಳ ಮುಖದ ಮುಂದೆ ಫೋನು ನಿಲ್ಲಿಸಿದಾಳೆ. ನಾನಿಲ್ಲಿ ಹೊಲೀತಾ ಹೊಲೀತಾ ಒಂಬತ್ತು ದಿನದಿಂದ ಮಾತಾಡ್ತಾನೇ ಇದೀನಿ. ಇವತ್ತು ಬೆಳಿಗ್ಗೆ ಏನೋ ಹೇಳೋಕೆ ಬಾಯಿ ತೆಗೆದ್ಲು, ಟ್ಯಾಬಲ್ಲಿ ಚಿತ್ರ ಹಾಗೇ ನಿಂತೋಯ್ತು. ಒಂದು ಗಂಟೆ ಹೊತ್ತಿಂದ ಮಾಡ್ತಿದೀನಿ, ನಿನ್ನ ಫೋನು ಬರೀ ಎಂಗೇಜು."

ಒಂಬತ್ತು ದಿನ ಅಂದದ್ದೇ ವೈರಣ್ಣನಿಗೆ ಸಾಕಾಯಿತು. ಲೈನ್ ನಂಬರ್ ಕೇಳಲೇ ಇಲ್ಲ, ಕೇಳುವುದೇನಿತ್ತು? ಬಿಗಿದದ್ದನ್ನು ಬಿಡಲು ಬೆರಳು ಮುಂದೆ ಹೋಗಿ ನಿಂತಿತು. ಅವನ ಹಳೇ ಯಂತ್ರದಲ್ಲಿ ಬಿಗಿಯುವಾಗ ಏನೂ ಆಗದು, ವೇಗ ಏರಿಸಿದರೆ ಮಾತ್ರ ಆ ಮನೆಯ ಲೈನು ಒಮ್ಮೆ ಪೂರ್ತಿ ಕಡಿದು ಆಮೇಲೆ ಕೂಡುತ್ತದೆ. ಕರೆ ಹೋದರೆ ಆ ಕಡೆ ಮತ್ತೆ ಎತ್ತುವವರು ಯಾರು?

"ಅಕ್ಕಾ, ನರ್ಸಿಗೆ ಫೋನ್ ಮಾಡಿ ಹತ್ತಿರ ನಿಂತ್ಕೊಳ್ಳೋಕೆ ಹೇಳಿ. ಅವರು ನಿಂತ ತಕ್ಷಣ ನಂಗೆ ತಿಳಿಸಿ, ಎಲ್ಲಾ ಲೈನೂ ನಿಮಗೇ ಬಿಡ್ತೀನಿ!"

ಹತ್ತು ನಿಮಿಷ ಕಾದ. ಫೋನು ಬರಲಿಲ್ಲ. ಅಂಗಡಿ ತೆರೆದಿಟ್ಟೇ ಓಡಿದ.

ಮೂರನೇ ಮಹಡಿಯ ಬಾಗಿಲು ತೆರೆದಿತ್ತು. ಟೈಲರಕ್ಕ ಗುಂಡಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ದಾರದ ಡಬ್ಬಿಗೆ ಒರಗಿಸಿಟ್ಟ ಟ್ಯಾಬಿನಲ್ಲಿ ತಂಗಿಯ ಮುಖ, ಅರ್ಧ ತೆರೆದ ಬಾಯಿ. ಪೂರ್ತಿ ಕಡಿಯುವಷ್ಟೂ ಅಲ್ಲ, ಓಡುವಷ್ಟೂ ಅಲ್ಲ, ಅಷ್ಟೇ ಅಷ್ಟು ಬಿಟ್ಟಿದ್ದನಲ್ಲ ಅವನು.

"ನಾನು ಮಾಡೋಕೆ ಮುಂಚೆ ನರ್ಸಮ್ಮನೇ ಮಾಡಿದ್ಲು," ಎಂದಳು. "ಹೋಗಿಬಿಟ್ಲಂತೆ."

ವೈರಣ್ಣ ಹೊಸ್ತಿಲಲ್ಲೇ ಕೂತ. "ಅಕ್ಕಾ... ನಿಮ್ಮ ಲೈನು ಬಿಗಿದದ್ದು ಕಂಪನಿಯವರಲ್ಲ. ನಾನೇ. ಈ ಕೈಯಾರೆ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಏನು ಹೇಳೋಕೆ ಹೊರಟಿದ್ಲೋ ಏನೋ," ಎಂದಷ್ಟೇ ಅಂದಳು.

ಅವನ ಜೇಬಿನ ಫೋನು ಬಡಿದುಕೊಂಡಿತು. ಮ್ಯಾನೇಜರ್. ಗಟ್ಟಿ ಗಂಟಲು, ಕೋಣೆಗೆಲ್ಲ ಕೇಳಿಸಿತು. "ನೀವೇ ಗೆದ್ರಿ ಮಾರಾಯ್ರೇ. ಮೇಲಿನವರು ಒಪ್ಪಿದ್ರು, ನಾಲ್ಕು ತಿಂಗಳು ಹಳೇ ರೇಟೇ. ಇಲ್ಲಿಂದ ಒಂದು ಸಲ ಆಫ್ ಮಾಡಿ ಪೂರ್ತಿ ಬಿಡ್ತೀನಿ, ಆಯ್ತಾ?"

ಟೈಲರಕ್ಕ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಫ್ ಮಾಡಿದ್ರೆ ಇದು ಹೋಗುತ್ತಲ್ಲಪ್ಪಾ?"

"ಫೋಟೋ ತೆಗೆದಿಡ್ತೀನಕ್ಕಾ."

"ಫೋಟೋ ನನ್ನ ಹತ್ರ ಬೇಕಾದಷ್ಟಿವೆ. ಇಲ್ನೋಡು, ಇನ್ನೂ ಮಾತಾಡ್ತಾ ಇದೀವಿ ಅಂತ ತೋರಿಸ್ತಿದೆ."

ನಿಜ. ಪರದೆಯ ಮೂಲೆಯಲ್ಲಿ ಕರೆಯ ನಿಮಿಷಗಳು ಏರುತ್ತಲೇ ಇದ್ದವು.

ವೈರಣ್ಣ ಫೋನನ್ನು ಬಾಯಿಗೆ ಒತ್ತಿ ಹಿಡಿದ. "ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ. "ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ, ಲೈನು ಬಿಡಬೇಡಿ."